ಉಳ್ಳಾಗಡ್ಡಿ ಇಲ್ಲದ ಬೇಸಿಗೆ

ನೀವು ಇದನ್ನು ನಂಬುವುದಿಲ್ಲ. ನಮ್ಮ ಕಾಲೇಜಿನಲ್ಲೂ ಯಾರೂ ನಂಬಲಿಲ್ಲ. ಪಕ್ಕದ ಬೆಂಚಿನ ಸುಮಾ, ನಾನು ಗಂಟಲು ಹಿಡಿದು ಆಣೆ ಮಾಡಿದ ಮೇಲೂ, "ಹೋಗಲೇ ರೇಣಿ, ನೀ ಸುಳ್ಳಿನ ಫ್ಯಾಕ್ಟರಿ" ಅಂದಳು. ನಿಜ ಹೇಳಬೇಕೆಂದರೆ, ಸುಳ್ಳು ಹೇಳುವಾಗ ನನಗೆ ಇಷ್ಟು ಕಷ್ಟ ಆಗುವುದೇ ಇಲ್ಲ. ಸುಳ್ಳನ್ನು ಎಲ್ಲರೂ ಒಂದೇ ಗುಟುಕಿಗೆ ನಂಬುತ್ತಾರೆ.

ವಿಷಯ ಇಷ್ಟೇ. ಒಂದು ಇಡೀ ಬೇಸಿಗೆ ನಮ್ಮ ಮನೆಯ ಹೊಸ್ತಿಲನ್ನು ಒಂದೇ ಒಂದು ಉಳ್ಳಾಗಡ್ಡಿಯೂ ದಾಟಲಿಲ್ಲ. ಜೋಳದ ರೊಟ್ಟಿ ತಿನ್ನುವ ಮನೆ ಇದು. ಊರು ಶಹಾಪುರದ ಕಡೆ. ಗುಡ್ಡದ ಬಂಡೆಗಳೇ ನೆರಳು ಹುಡುಕಿಕೊಂಡು ಹೋಗುವಂಥ ಬಿಸಿಲು. ಈಗಲೂ ನಂಬಲಿಲ್ಲ ಅಲ್ಲವೇ?

ಮೊನ್ನೆ ಯಾದಗಿರಿ ಬಸ್ಸಿನಲ್ಲಿ ಇದೆಲ್ಲ ನೆನಪಾಯಿತು. ನಾನೂ ಅಪ್ಪನೂ ಅವನ ಉಸಿರಿನ ಪಂಪ್, ಅಂದರೆ ಇನ್ಹೇಲರ್, ತರಲು ಹೊರಟಿದ್ದೆವು. ಅಪ್ಪ ಬಸ್ಸಿನ ಮೆಟ್ಟಿಲು ಹತ್ತಿ, ಒಂದು ಸಲ ನಿಂತು, ಯಾರನ್ನೋ ಹುಡುಕುವವನ ಹಾಗೆ ಸುತ್ತಲೂ ನೋಡುತ್ತಾನೆ. ಯಾರನ್ನೂ ಹುಡುಕುವುದಿಲ್ಲ, ಉಸಿರು ಹಿಂದೆ ಬಿದ್ದಿರುತ್ತದೆ, ಅದು ಬಂದು ಕೂಡಿಕೊಳ್ಳಲಿ ಎಂದು ಕಾಯುತ್ತಾನೆ. ನಾವು ಕೂತೆವು. ಎದುರಿನ ಸೀಟಿನ ಮುದುಕ ಬುತ್ತಿ ಬಿಚ್ಚಿ, ಮೊಣಕಾಲ ಮೇಲೆ ಉಳ್ಳಾಗಡ್ಡಿ ಇಟ್ಟು ಒಂದೇ ಗುದ್ದಿಗೆ ಒಡೆದ. ವಾಸನೆ ಬಸ್ಸು ತುಂಬಿತು. ಅಪ್ಪ ಮುಂದಕ್ಕೆ ಬಾಗಿ, ಗುರುತಿಲ್ಲ ಪರಿಚಯವಿಲ್ಲ, "ಕಾಕಾ, ಒಂದು ಪಕಳಿ ಕೊಡ್ರಿ" ಅಂದುಬಿಟ್ಟ. ಮುದುಕ ಅರ್ಧ ಗಡ್ಡೆಯನ್ನೇ ಕೊಟ್ಟ. ಅಪ್ಪ ಕರಕರ ಅಗಿಯುತ್ತ ನನ್ನ ಕಡೆ ನೋಡಿ ಕಣ್ಣು ಹೊಡೆದ. ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ವರ್ಷದ ಹಿಂದಿನ ಸಿಟ್ಟು, ಇಟ್ಟಲ್ಲೇ ಇತ್ತು, ಸ್ವಲ್ಪವೂ ಹಳಸಿರಲಿಲ್ಲ.

ಅಪ್ಪನ ಹೆಸರು ಭೀಮಣ್ಣ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಕಲ್ಲುಗಣಿ, ಅದರ ಬಗಲಿಗೆ ಕಲ್ಲು ಪುಡಿ ಮಾಡುವ ಕ್ರಷರ್. ಮೀಸೆ ಬರುವ ಮೊದಲೇ ಅಪ್ಪ ಅಲ್ಲಿ ಬಂಡೆಗೆ ತೂತು ಹೊಡೆಯುವ ಡ್ರಿಲ್ ಹಿಡಿದಿದ್ದ. ಸಂಜೆ ಮನೆಗೆ ಬಂದರೆ, ಹಿಟ್ಟಿನ ಗಿರಣಿಯಲ್ಲಿ ಬಿದ್ದು ಎದ್ದು ಬಂದ ದೆವ್ವ. ನಮ್ಮ ನಾಯಿ ಹುಟ್ಟಿದಾಗಿನಿಂದ ಅವನನ್ನು ನೋಡಿದ್ದರೂ ದಿನಾ ಸಂಜೆ ಹೊಸದಾಗಿ ಬೊಗಳುತ್ತಿತ್ತು. ಅವ್ವ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಟವೆಲ್ಲಿನಿಂದ ಗಾದಿ ಬಡಿದ ಹಾಗೆ ಬಡಿಯುತ್ತಿದ್ದಳು. ಓಣಿಗೆ ಹೊಸದಾಗಿ ಬಂದವರು ಗಂಡ ಹೆಂಡಿರ ಜಗಳ ಎಂದು ಬಿಡಿಸಲು ಓಡಿಬಂದದ್ದೂ ಉಂಟು. ಬಡಿದರೆ ಹೊರಗಿನ ಪುಡಿ ಹೋಗುತ್ತದೆ. ಒಳಗೆ ಹೋದದ್ದು ಒಳಗೇ ಮನೆ ಮಾಡಿತು.

ಕೆಮ್ಮು ಶುರುವಾದಾಗ ಮೊದಲು ಟಿಬಿ ಅಂದರು. ಅಪ್ಪ ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿದ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು, ಕೆಮ್ಮು ಮಾತ್ರ ತನ್ನ ಬಣ್ಣ ಬಿಡಲಿಲ್ಲ. ಕೊನೆಗೆ ಯಾದಗಿರಿಯಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಯ ತುಂಬ ಚೆಲ್ಲಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿದರು. "ಇದು ಕಲ್ಲಿನ ಪುಡಿ. ಒಳಗ ಗಾಯ ಮಾಡ್ಯಾದ. ಇದನ್ನ ತೊಳದು ತೆಗಿಯೋ ಔಷಧ ಇಲ್ಲ. ಪಂಪ್ ಕೊಡ್ತೀನಿ, ದಿನಾ ತಪ್ಪದೆ ಎಳಕೋಬೇಕು, ದಮ್ಮು ಹತೋಟ್ಯಾಗ ಇರ್ತದ. ಮುಖ್ಯ ಅಂದ್ರ, ಧೂಳಿನಿಂದ ದೂರ ಇರು."

ಧೂಳಿನಿಂದ ದೂರ! ಅಪ್ಪ ಈ ಮಾತನ್ನು ಕ್ರಷರಿನ ಸಾವಕಾರನಿಗೆ ಮುಟ್ಟಿಸಿದ. ಸಾವಕಾರ ದೊಡ್ಡ ಮನಸ್ಸಿನವನು, ತಕ್ಷಣ ಕೆಲಸ ಬದಲಿಸಿದ. "ಡ್ರಿಲ್ ಬ್ಯಾಡ ಭೀಮಣ್ಣಾ, ಇನ್ನ ಮ್ಯಾಲ ನಿನಗ ಹಗುರ ಕೆಲಸ" ಅಂದ. ಹಗುರ ಕೆಲಸ ಯಾವುದು ಗೊತ್ತೇ? ಕ್ರಷರಿನ ಬೆಲ್ಟಿನ ಕೆಳಗೆ ಬೀಳುವ ಪುಡಿಯನ್ನು ಕಸಬರಿಗೆಯಿಂದ ಗುಡಿಸುವುದು. ನೀರಿನಲ್ಲಿ ಮುಳುಗುತ್ತಿರುವವನನ್ನು ಎತ್ತಿ ಬಾವಿಗೆ ಹಾಕಿದ ಹಾಗೆ.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಿಸಲ್ಟ್ ಕಾಯುತ್ತ, ಊರಿಗೆಲ್ಲ ಬುದ್ಧಿ ಹೇಳುತ್ತ ತಿರುಗುತ್ತಿದ್ದ ದಿನಗಳು ಅವು. ಆಗ ಬಂದರು ಮೇಡಂ. ದಕ್ಷಿಣದ ಕಡೆಯ ಯಾವುದೋ ಹೋಮಿಯೋಪತಿ ಕಾಲೇಜಿನ ಡಾಕ್ಟರು. ವಯಸ್ಸು ಚಿಕ್ಕದು, ದೊಡ್ಡ ಚೀಲ, ಬಿಸಿಲಿಗೆ ಮುಖ ಟೊಮ್ಯಾಟೊ ಆಗಿತ್ತು. ಕ್ರಷರಿನ ಆಫೀಸಿನ ಮುಂದೆ ಎದೆ ರೋಗ ಇದ್ದವರನ್ನೆಲ್ಲ ಕೂರಿಸಿದರು. ಅಪ್ಪ ಹೋದ, ಅವನ ಹಿಂದೆಯೇ ನಾನೂ ಹೋದೆ. ಆ ಮೇಡಂ ಮಾತು ನಮ್ಮವರಿಗೆ ತಿಳಿಯಬೇಕಲ್ಲ, ನಮ್ಮವರ ಮಾತು ಆಕೆಗೆ ತಿಳಿಯಬೇಕಲ್ಲ, ನಡುವೆ ನನ್ನಂಥ ವಿದ್ವಾಂಸರು ಬೇಕೇ ಬೇಕು. ಯಾರೂ ಕರೆದಿರಲಿಲ್ಲ, ಅದು ಬೇರೆ ಮಾತು.

ಮೇಡಂ ಹೇಳಿದ್ದು ಸರಳ ಇತ್ತು. "ನೀವು ಈಗ ತಗೊಳ್ತಿರೋ ಔಷಧಿ, ಪಂಪು, ಎಲ್ಲಾ ಹಾಗೇ ಮುಂದುವರೀಬೇಕು. ಅದನ್ನ ಯಾರೂ ಬಿಡೋ ಹಾಗಿಲ್ಲ. ಅದರ ಜೊತೆಗೆ ನಾನು ಈ ಸಣ್ಣ ಬಿಳಿ ಗುಳಿಗೆ ಕೊಡ್ತೀನಿ. ಅರ್ಧ ಜನರ ಬಾಟಲಿಯಲ್ಲಿ ಹೋಮಿಯೋಪತಿ ಔಷಧಿ ಇರುತ್ತೆ. ಇನ್ನರ್ಧ ಜನರದ್ದರಲ್ಲಿ ಬರೀ ಸಕ್ಕರೆ. ಕೊನೆಗೆ ಯಾರಿಗೆ ಉಸಿರು ಸಲೀಸಾಯ್ತು ಅಂತ ಹೋಲಿಸಿ ನೋಡ್ತೀವಿ."

ಮೌಲಾಸಾಬ ಕಾಕಾ ಕೈ ಎತ್ತಿದ. ಅಪ್ಪನ ಜೊತೆ ಸಣ್ಣಂದಿನಿಂದ ಕಲ್ಲು ಒಡೆದವನು. ಅವನ ಎದೆಯೂ ಅಪ್ಪನದೇ ಥರ, ಕೆಮ್ಮಿದರೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ಒದ್ದಾಡಿದಂತೆ.

"ಮೇಡಂ, ಬರೇ ಸಕ್ರಿ ಯಾರಿಗಿ ಬಂದದ ಅಂತ ನಿಮಗ ಗೊತ್ತದೇನ್ರಿ?"

"ನನಗೂ ಗೊತ್ತಿರಲ್ಲ."

"ನಮಗ?"

"ನಿಮಗೂ ಗೊತ್ತಿರಲ್ಲ. ಗೊತ್ತಾದ್ರೆ ಪರೀಕ್ಷೆ ಕೆಟ್ಟು ಹೋಗುತ್ತೆ."

"ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ. ನಮ್ಮ ಸಾವ್ಕಾರ್ರು ಕೊಡೋ ಪಗಾರ ಇದ್ದಂಗ ಅದ ಬಿಡ್ರಿ."

ಎಲ್ಲರೂ ನಕ್ಕರು, ನಕ್ಕವರೆಲ್ಲ ಕೆಮ್ಮಿದರು. ನಾನು ಸುಮ್ಮನಿರಲಿಲ್ಲ. "ಮೇಡಂ, ಈ ಗುಳಿಗಿ ಖರೇನ ಕೆಲಸ ಮಾಡ್ತಾವೇನ್ರಿ?" ಎಂದು ಎದ್ದು ನಿಂತು ಕೇಳಿದೆ. ಆಕೆ ನನ್ನನ್ನೇ ನೋಡಿ, "ನನಗೆ ಗೊತ್ತಿಲ್ಲಮ್ಮ. ಗೊತ್ತಿಲ್ಲ ಅಂತಲೇ ಪರೀಕ್ಷೆ ಮಾಡ್ತಿರೋದು" ಅಂದರು. ಈ ಮಾತಿಗೆ ನಾನು ಆಕೆಯನ್ನು ಒಪ್ಪಿಕೊಂಡೆ. ನಮ್ಮೂರಿನಲ್ಲಿ ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ಮೊದಲ ದೊಡ್ಡ ಮನುಷ್ಯರು ಅವರು.

ಆಮೇಲೆ ನಿಯಮ. ಗುಳಿಗೆ ತಿನ್ನುವ ಅರ್ಧ ತಾಸು ಮೊದಲು, ಅರ್ಧ ತಾಸು ಆಮೇಲೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ತಂಬಾಕು, ಕರ್ಪೂರದಂಥ ಕಟು ವಾಸನೆಯದ್ದು ಬಾಯಿಗೆ ಹಾಕಬಾರದು. ವಾಸನೆಗೆ ಗುಳಿಗೆಯ ಶಕ್ತಿ ಹೋಗುತ್ತದಂತೆ.

ಅರ್ಧ ತಾಸು ಎಂಬುದು ಮೇಡಂ ಬಾಯಿಂದ ಹೊರಟಿತು. ನಮ್ಮ ಮನೆ ಮುಟ್ಟುವ ಹೊತ್ತಿಗೆ ಅದು ಇಡೀ ಬೇಸಿಗೆ ಆಗಿತ್ತು. ಅವ್ವ ಯಾವ ಕೆಲಸವನ್ನೂ ಅರ್ಧಕ್ಕೆ ಮಾಡುವವಳಲ್ಲ. ಗಂಡನ ಉಸಿರಿನ ಪ್ರಶ್ನೆ ಬೇರೆ. ಉಳ್ಳಾಗಡ್ಡಿಯ ಬುಟ್ಟಿಯನ್ನು ಶಿರವಾಳದ ಚಿಗವ್ವನ ಮನೆಗೆ ಬಸ್ಸಿಗೆ ಹಾಕಿ ಕಳಿಸಿದಳು. ಬಳ್ಳೊಳ್ಳಿ ಹಾಕಿದ್ದ ಶೇಂಗಾ ಹಿಂಡಿ ಆಕಳಿಗೆ ಹೋಯಿತು. ಆಕಳೂ ಒಂದು ದಿನ ನಮ್ಮನ್ನು ಅನುಮಾನದಿಂದ ನೋಡಿತು. ಅಪ್ಪ ರೊಟ್ಟಿ ಮುರಿಯುವಾಗ ಅವನ ಇನ್ನೊಂದು ಕೈ ಅಭ್ಯಾಸಬಲದಿಂದ ತಟ್ಟೆಯ ಅಂಚಿನಲ್ಲಿ ಉಳ್ಳಾಗಡ್ಡಿ ಹುಡುಕಿ, ಏನೂ ಸಿಗದೆ ಗಾಳಿಯನ್ನೇ ಚಿವುಟಿಕೊಂಡು ಹಿಂದೆ ಬರುತ್ತಿತ್ತು. ಒಂದು ದಿನ ಪಕ್ಕದ ಮನೆಯವರು ಒಗ್ಗರಣೆ ಹಾಕಿದಾಗ ಅವ್ವ ಗೋಡೆಯ ಮೇಲಿಂದ ಕೂಗಿದಳು.

"ಏ ನಿಂಗಮ್ಮಾ! ನಿಮ್ಮ ವಾಸನಿ ನಮ್ಮ ಔಷಧದಾಗ ಬರ್ಲಾಕತ್ತದ!"

"ಹಂಗಾರ ನಿಮ್ಮ ಔಷಧಕ್ಕ ಮೂಗ ಮುಚ್ಚಿಗೊ ಅನ್ನವ್ವಾ!"

ಆ ಗುಳಿಗೆಯ ಬಾಟಲಿ ನಮ್ಮ ದೇವರ ಗೂಡಿನಲ್ಲಿ, ಊದಿನಕಡ್ಡಿಯ ವಾಸನೆಯೂ ತಾಗಬಾರದೆಂದು ಸ್ಟೀಲ್ ಡಬ್ಬಿಯೊಳಗೆ ಕೂತಿತ್ತು. ದೇವರಿಗೆ ಆ ಬೇಸಿಗೆ ಊದಿನಕಡ್ಡಿ ಇರಲಿಲ್ಲ.

ಇಲ್ಲಿಯವರೆಗೆ ನಗಬಹುದು. ಈಗ ನನ್ನ ಸಿಟ್ಟಿನ ಕಥೆ ಕೇಳಿ. ಕ್ರಷರಿನಲ್ಲಿ ಒಂದು ನೀರಿನ ಪೈಪು ಇತ್ತು. ಕಲ್ಲು ಬಾಯಿಗೆ ಬೀಳುವಲ್ಲಿ, ಬೆಲ್ಟಿನ ಮೇಲೆ, ಸಣ್ಣ ಸಣ್ಣ ತೂತಿನಿಂದ ನೀರು ಸಿಂಪಡಿಸುವ ಪೈಪು. ನೀರು ಬಿಟ್ಟರೆ ಪುಡಿ ಏಳುವುದಿಲ್ಲ, ಅಲ್ಲೇ ಕೂರುತ್ತದೆ. ಇಷ್ಟೇ ವಿದ್ಯೆ. ಆದರೆ ಒದ್ದೆ ಪುಡಿ ಜರಡಿಗೆ ಅಂಟುತ್ತದೆ, ಕೆಲಸ ನಿಧಾನ ಆಗುತ್ತದೆ ಎಂದು ಸಾವಕಾರ ಅದನ್ನು ಬಂದ್ ಮಾಡಿಸಿದ್ದ. ಮೇಡಂ ಬರುವ ದಿನ ಮಾತ್ರ ಪೈಪಿನಲ್ಲಿ ಮಳೆ. ಆ ದಿನ ಎಲ್ಲರ ಮೂಗಿಗೂ ಮಾಸ್ಕು. ಮೇಡಂ ಜೀಪು ಹತ್ತಿದ ಕೂಡಲೇ ಮಾಸ್ಕುಗಳು ಆಫೀಸಿನ ಗೂಟಕ್ಕೆ, ನೀರು ಬಂದ್, ಮತ್ತೆ ಬಿಳಿ ಮೋಡ. ನೀವು ಹೇಳಿ, ಒಬ್ಬ ಮನುಷ್ಯ ಎಷ್ಟು ಎಚ್ಚರದಿಂದ ಬದುಕಬೇಕು? ಅಪ್ಪನ ತಟ್ಟೆಯಿಂದ ಉಳ್ಳಾಗಡ್ಡಿ ತೆಗೆದರು, ಬಳ್ಳೊಳ್ಳಿ ತೆಗೆದರು, ಮೌಲಾಸಾಬನ ಬಾಯಿಂದ ತಂಬಾಕು ತೆಗೆದರು. ಆ ಗುಳಿಗೆಯನ್ನು ಪರೀಕ್ಷೆ ಮಾಡಿ, ಬೇಡ ಅನ್ನುವುದಿಲ್ಲ. ಆ ಪೈಪನ್ನು ಯಾರು ಪರೀಕ್ಷೆ ಮಾಡಬೇಕು? ನಾನು ಒಂದು ದಿನ ಸಾವಕಾರನನ್ನೇ ಕೇಳಿದೆ. "ನಮ್ಮಪ್ಪ ಉಳ್ಳಾಗಡ್ಡಿ ಬಿಟ್ಟಾನ್ರಿ. ನೀವು ನೀರು ಬಿಡ್ರಿ" ಅಂದೆ. ಅವನು ನಕ್ಕು, ಅಲ್ಲೇ ಪುಡಿ ಗುಡಿಸುತ್ತಿದ್ದ ಅಪ್ಪನ ಕಡೆ ತಿರುಗಿ, "ನಿನ್ನ ಮಗಳು ವಕೀಲ ಆಗ್ತಾಳ ಭೀಮಣ್ಣಾ" ಅಂದ. ಅಪ್ಪನಿಗೆ ಅದು ಹೊಗಳಿಕೆ ಅನ್ನಿಸಿತು, ಮನೆಗೆ ಬಂದು ಅವ್ವನಿಗೂ ಹೇಳಿದ.

ನಡುವೆ ಇನ್ನೊಂದು ಸಂಗತಿ ನಡೆಯಿತು. ಇದನ್ನಂತೂ ಖಂಡಿತ ನಂಬುವುದಿಲ್ಲ. ಗಣಿಯಲ್ಲಿ ಮಧ್ಯಾಹ್ನದ ಊಟಕ್ಕೆ ಒಂದು ಪದ್ಧತಿ ಇದೆ. ದೊಡ್ಡ ಅರಿವೆ ಹಾಸಿ, ಎಲ್ಲರ ಬುತ್ತಿಯನ್ನೂ ಅದರ ಮೇಲೆ ಸುರಿಯುತ್ತಾರೆ. ಯಾರ ಮನೆಯ ರೊಟ್ಟಿ, ಯಾರ ಮನೆಯ ಪಲ್ಯ ಎಂದು ಯಾರೂ ಕೇಳುವಂತಿಲ್ಲ. ಒಬ್ಬನೇ ಮೂಲೆಯಲ್ಲಿ ಕೂತು ಉಂಡವನ ಜೊತೆ ಮರುದಿನ ಯಾರೂ ಬಂಡೆ ಎತ್ತುವುದಿಲ್ಲ. ಮೇಡಂ ಕೂಡ ಒಂದು ದಿನ ಅದೇ ಅರಿವೆಯ ಮೇಲೆ ಕೂತು ರೊಟ್ಟಿ ತಿಂದಿದ್ದರು. ನಾನು ಬುತ್ತಿ ಕೊಡಲು ಹೋದ ಒಂದು ಮಧ್ಯಾಹ್ನ ನೋಡಿದರೆ, ಅರಿವೆಯ ನಡುವೆ ಒಂದು ಬಿಸ್ಕಿಟ್ ಡಬ್ಬಿ. ಎಲ್ಲರೂ ತಮ್ಮ ಬಾಟಲಿಯ ಗುಳಿಗೆಗಳನ್ನು ಅದಕ್ಕೆ ಸುರಿದಿದ್ದಾರೆ. ನಮ್ಮ ದೇವರ ಗೂಡಿನ ಬಾಟಲಿಯೂ ಅಪ್ಪನ ಕಿಸೆಯಲ್ಲಿ ಅಲ್ಲಿಗೆ ಬಂದಿತ್ತು. ಮೌಲಾಸಾಬ ಕಾಕಾ ಮುಚ್ಚಳ ಹಾಕಿ ಗಲಗಲ ಅಲ್ಲಾಡಿಸಿ, ಚಮಚೆಯಿಂದ ಒಬ್ಬೊಬ್ಬರ ಬಾಟಲಿಗೆ ವಾಪಸ್ ತುಂಬುತ್ತಿದ್ದಾನೆ.

"ಕಾಕಾ, ಏನ್ ಮಾಡ್ಲಾಕತ್ತೀರಿ?"

"ಇನ್ಸಾಫ್ ಮಾಡ್ಲಾಕತ್ತೇವವ್ವ. ಒಂದೇ ಅರಿವಿ ಮ್ಯಾಲ ಉಂಡು, ಒಬ್ಬಂವ ದವಾ ತಿಂದು ಇನ್ನೊಬ್ಬಂವ ಸಕ್ರಿ ತಿಂದ್ರ ರೊಟ್ಟಿ ಮೈಗಿ ಹತ್ತತದೇನು? ಈಗ ಎಲ್ಲಾರಿಗೂ ಅರ್ಧ ದವಾ, ಅರ್ಧ ಸಕ್ರಿ. ಯಾರಿಗೂ ಮೋಸ ಇಲ್ಲ."

ಅಪ್ಪ ಹೆಮ್ಮೆಯಿಂದ ತಲೆ ಆಡಿಸಿದ. ನನಗೂ ಅದು ಬಹಳ ಚೆನ್ನಾಗಿ ಕಂಡಿತು. ಈ ದೇಶದಲ್ಲಿ ಯಾವ ಸರ್ಕಾರವೂ ಇಷ್ಟು ಸಮನಾಗಿ ಏನನ್ನೂ ಹಂಚಿಲ್ಲ.

ಬೇಸಿಗೆ ಏರಿತು. ಅಪ್ಪನ ಉಸಿರು ಇಳಿಯಿತು. ಮೊದಲು ಓಣಿಯ ತುದಿಯವರೆಗೆ ಒಂದೇ ದಮ್ಮಿಗೆ ಹೋಗುವವನು, ಈಗ ನಿಂಗಮ್ಮನ ಕಟ್ಟೆಯ ಮೇಲೊಮ್ಮೆ ಕೂರತೊಡಗಿದ. ಆಮೇಲೆ ನಮ್ಮ ಕಟ್ಟೆಯ ಮೇಲೇ. ಬೆಳಿಗ್ಗೆ ಹಲ್ಲುಜ್ಜಿ ಪಂಪ್ ಎಳೆದುಕೊಳ್ಳುವ 'ಫುಸ್' ಸದ್ದು ನಮ್ಮ ಮನೆಯ ಅಲಾರಂ ಆಗಿತ್ತು, ಅದಕ್ಕೇ ನಾನು ಏಳುತ್ತಿದ್ದೆ. ಆ ಸದ್ದು ನಿಂತಿತ್ತು. ಕೇಳಿದರೆ, "ಕೆಲಸಕ್ಕ ಹೋಗಿ ಅಲ್ಲೇ ಎಳಕೊಳ್ತೀನಿ ರೇಣಿ, ಅಲ್ಲಿ ಧೂಳ ಜಾಸ್ತಿ ಅದ ನೋಡು" ಅಂದ. ಮಾತು ಸರಿಯಾಗೇ ಇತ್ತು. ಅವ್ವ, "ಮತ್ತ್ಯಾಕ ಸೊರಗ್ಲಾಕತ್ತೀರಿ?" ಅಂದರೆ, "ಬಿಸಲ ನೋಡು ಹ್ಯಾಂಗದ" ಅನ್ನುವನು. ಬಿಸಿಲಿನ ಮೇಲೆ ಏನು ಹಾಕಿದರೂ ಅದು ಎದುರು ಮಾತಾಡುವುದಿಲ್ಲ.

ಮುಂಗಾರಿನ ಮೊದಲ ಮೋಡ ಬಂದು ಮಳೆ ಕೊಡದೆ ಹೋದ ವಾರ, ಮೇಡಂ ತಮ್ಮ ಕಾಲೇಜಿನ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದರು. ಪೈಪಿನಲ್ಲಿ ಮಳೆ, ಮೂಗಿಗೆ ಮಾಸ್ಕು, ಸಾವಕಾರನ ಕಡೆಯಿಂದ ಮಿರ್ಚಿ ಭಜಿ. ಎಲ್ಲರೂ ಅಂಗಳದಲ್ಲಿ ಎರಡು ಕಲ್ಲುಗಳ ನಡುವೆ ಅತ್ತಿಂದಿತ್ತ ನಡೆಯಬೇಕು, ಮೇಡಂ ಗಡಿಯಾರ ಹಿಡಿದು, ಯಾರು ಎಷ್ಟು ದೂರ ನಡೆದರು ಎಂದು ನೋಡುತ್ತಾರೆ. ಹಿಂದೆ ಕ್ರಷರ್ ಗಡಗಡ ಹಲ್ಲು ಕಡಿಯುತ್ತಲೇ ಇತ್ತು. ಎದೆಗೆ ಕೊಳವೆ ಇಟ್ಟು ಕೇಳಲು ಆಗುತ್ತಿಲ್ಲ, ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಮೇಡಂ ಕೇಳಿದರು. "ಲಾರಿ ನಿಂತಾವ್ರಿ ಮೇಡಂ, ಲೋಡ್ ಮುಗಿಲಿ" ಎಂದು ಸಾವಕಾರ ಅವರ ಕೈಗೆ ಭಜಿಯ ತಟ್ಟೆ ಕೊಟ್ಟ.

ಅಪ್ಪನ ಸರದಿ ಬಂತು. ನಾನು ಅವನ ಮುಖ ನೋಡಿ, "ಯಪ್ಪಾ, ಇವತ್ತು ಬ್ಯಾಡ ಅನ್ನು" ಅಂದೆ.

"ಸುಮ್ನಿರು. ಆ ಹುಡುಗಿ ನಮ್ಮ ಅರಿವಿ ಮ್ಯಾಲ ಕುಂತು ರೊಟ್ಟಿ ತಿಂದಾಳ. ದೊಡ್ಡ ಸಾಹೇಬ್ರ ಮುಂದ ಆಕಿ ಮಾನ ಹೋಗಬಾರ್ದು."

ಪರೀಕ್ಷೆ ಇದ್ದದ್ದು ಗುಳಿಗೆಗೆ. ಅಪ್ಪ ಅದನ್ನು ಮೇಡಂ ಮರ್ಯಾದೆಯ ಪರೀಕ್ಷೆ ಮಾಡಿಕೊಂಡ. ಹೊರಟ ನೋಡಿ, ಮದುವೆಯ ಊಟಕ್ಕೆ ತಡವಾದವನ ಹಾಗೆ. ಹೋದ, ತಿರುಗಿದ, ಬಂದ, ತಿರುಗಿದ. ಮೇಡಂ "ನಿಧಾನ, ನಿಮ್ಮಷ್ಟಕ್ಕೆ ನಡೀರಿ" ಅನ್ನುತ್ತಿದ್ದರು. ಮತ್ತೆ ತಿರುಗಿದವನು ನಡುವೆ ನಿಂತ. ಯಾರನ್ನೋ ಹುಡುಕುವವನ ಹಾಗೆ ಸುತ್ತಲೂ ನೋಡಿದ. ಆಮೇಲೆ ಮೊಣಕಾಲು ಮಡಚಿ, ಪೈಪಿನ ನೀರು ಹರಿದು ಆದ ಕೆಸರಿನಲ್ಲೇ ಕೂತುಬಿಟ್ಟ. ಬಾಯಿ ತೆರೆದಿತ್ತು. ತುಟಿ ನೇರಳೆ ಹಣ್ಣು ತಿಂದವನ ತುಟಿಯಂತಿತ್ತು.

ಮೇಡಂ ಓಡಿಬಂದು, "ಪಂಪ್ ಎಲ್ಲಿ? ಭೀಮಣ್ಣ, ನಿಮ್ಮ ಪಂಪ್ ಎಲ್ಲಿ?" ಅಂದರು.

ಅಪ್ಪ ಒಂದೊಂದು ಮಾತಿಗೆ ಒಂದೊಂದು ಉಸಿರು ಖರ್ಚು ಮಾಡಿ ಹೇಳಿದ. "ಬಿಟ್ಟೀನ್ರಿ... ಉಳ್ಳಾಗಡ್ಡಿ ವಾಸನಿಗೇ... ಗುಳಿಗಿ ಕೆಡ್ತಾವ ಅಂದ್ರ... ಪಂಪಿನ ವಾಸನಿ... ಇನ್ನೂ ಜೋರ..."

ಮೇಡಂ ಮುಖದಲ್ಲಿ ರಕ್ತ ಇರಲಿಲ್ಲ. "ಮೊದಲನೇ ದಿನಾನೇ ಹೇಳಿದ್ದೆನಲ್ಲ, ಪಂಪ್ ಬಿಡಬಾರ್ದು ಅಂತ!" ಅಂದರು. ಅಲ್ಲೇ ಪಕ್ಕದಲ್ಲಿದ್ದ ಮೌಲಾಸಾಬ ಕಾಕಾ ಸಮಾಧಾನ ಮಾಡಲು ಹೋಗಿ, "ಗುಳಿಗಿದು ಏನೂ ತಪ್ಪಿಲ್ರಿ ಮೇಡಂ, ನಾವು ಎಲ್ಲಾರದೂ ಕಲಸಿ ಸಮ ಹಂಚಿಕೊಂಡೇವಿ" ಅಂದ. ದೊಡ್ಡ ಡಾಕ್ಟರು ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ವಾಪಸ್ ಇಟ್ಟರು. ನಮ್ಮ ಕ್ರಷರಿನ ಮಟ್ಟಿಗೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಯಾರು ಔಷಧ ತಿಂದರು, ಯಾರು ಸಕ್ಕರೆ ತಿಂದರು ಎಂದು ಆ ದೇವರಿಗೂ ಹೇಳಲು ಬರುವುದಿಲ್ಲ.

ಆದರೆ ಅಪ್ಪ ಕೆಸರಿನಲ್ಲಿದ್ದ. ಮೇಡಂ ಮೊಣಕಾಲೂರಿ, ಬೆನ್ನಿಗೆ ಕೊಳವೆ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕಡೆ ಇಟ್ಟು, ತಲೆ ಎತ್ತಿ ಕೂಗಿದರು. "ಮಷಿನ್ ನಿಲ್ಲಿಸಿ! ಏನೂ ಕೇಳಿಸ್ತಿಲ್ಲ!"

"ಅರ್ಧ ಲೋಡ್ ಆಗ್ಯಾದ್ರಿ, ಒಂದೈದ್ ಮಿನಿಟ್" ಅಂದ ಸಾವಕಾರ. "ಏ, ಯಾರಾರ ಒಂದು ಸೋಡಾ ತರ್ರಿ ಭೀಮಣ್ಣಗ."

"ಸೋಡಾ ನೀವ ಕುಡೀರಿ!" ನಾನು ಒದರಿದೆ. ಅಷ್ಟು ಜನರ ಮುಂದೆ ನನಗೆ ಹೊಳೆದ ಮಾತು ಅದೊಂದೇ.

ಅಷ್ಟರಲ್ಲಿ ಗೇಟಿನೊಳಗೆ ಅವ್ವ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕೈವರೆಗೆ ಜೋಳದ ಹೊಟ್ಟು ಮೆತ್ತಿತ್ತು, ಮುಷ್ಟಿಯಲ್ಲಿ ಅಪ್ಪನ ಪಂಪ್. ಕೆಸರಿನಲ್ಲಿ ಕೂತ ಗಂಡನನ್ನು ನೋಡಿ ಒಂದು ಗಳಿಗೆಯೂ ನಿಲ್ಲಲಿಲ್ಲ, ಅಳಲಿಲ್ಲ, ಯಾರನ್ನೂ ಏನಾಯಿತೆಂದು ಕೇಳಲಿಲ್ಲ.

"ಜೋಳದ ಡಬ್ಬಿ ತಳದಾಗ ಹೂತಿಟ್ಟೀರಿ ಇದನ್ನ, ಈಗ ಕೈಗಿ ಸಿಕ್ತು! ಬಾಯಿ ತಗೀರಿ."

ಅವಳು ಅವನ ಗದ್ದ ಹಿಡಿದು ಪಂಪ್ ಬಾಯಿಗಿಟ್ಟು ಒತ್ತಿದಳು. "ಎಳೀರಿ ಒಳಗ. ಹಿಡೀರಿ. ಬಿಡಬ್ಯಾಡ್ರಿ. ಇನ್ನೊಮ್ಮೆ." ಅಪ್ಪ ಶಾಲೆಯ ಹುಡುಗನಂತೆ ಹೇಳಿದ್ದನ್ನು ಮಾಡಿದ. ಅವ್ವ ಮೇಡಂ ಕಡೆ ತಿರುಗಿ, "ಎದಿ ಏನ್ ಹೇಳ್ತದ್ರಿ?" ಅಂದಳು.

"ಅಮ್ಮಾ, ಈ ಸದ್ದಲ್ಲಿ ನನಗೆ ಏನೂ ಕೇಳಿಸ್ತಿಲ್ಲ."

ಅವ್ವ ಎದ್ದಳು. ಸಾವಕಾರನ ಕುರ್ಚಿಯನ್ನು ದಾಟಿಕೊಂಡು, ಅವನ ಕಡೆ ನೋಡದೆ, ಕ್ರಷರಿನ ಮೋಟಾರ್ ಬೋರ್ಡಿನ ಹತ್ತಿರ ಹೋದಳು. ಅಲ್ಲಿದ್ದ ಆಪರೇಟರ್, "ಯಕ್ಕಾ, ಸಾವ್ಕಾರ್ರು ಬೈತಾರ" ಅಂದ. ಅವ್ವ ಅವನನ್ನು ಬಗಲಿಗೆ ಸರಿಸಿ, ಜೋಳದ ಹೊಟ್ಟಿನ ಕೈಯಿಂದಲೇ ಹಿಡಿಕೆಯನ್ನು ಕೆಳಗೆ ಎಳೆದಳು.

ಕ್ರಷರ್ ಒಂದೇ ಸಲ ನಿಲ್ಲುವುದಿಲ್ಲ. ಬಾಯಲ್ಲಿದ್ದ ಕಲ್ಲು ಅಗಿದು, ಬೆಲ್ಟು ನಿಧಾನಕ್ಕೆ ತೂಗಿ, ಕೊನೆಯ ಚೂರು ಟಪ್ಪೆಂದು ಬಿತ್ತು. ಆಮೇಲೆ ಅಷ್ಟು ದೊಡ್ಡ ಅಂಗಳದಲ್ಲಿ ಒಂದೇ ಸದ್ದು ಉಳಿಯಿತು, ಸುಂಯ್ ಎಂದು ಹೋಗಿ, ಕರ್ ಎಂದು ಬಂದು, ನಡುವೆ ಎಲ್ಲೋ ಸಿಕ್ಕಿಕೊಂಡು, ಮತ್ತೆ ಹೊರಡುವ ಸದ್ದು. ಕೊಳವೆ ಬೇಕಿರಲಿಲ್ಲ. ಮೇಡಂಗೆ ಕೇಳಿಸಿತು, ದೊಡ್ಡ ಡಾಕ್ಟರಿಗೆ ಕೇಳಿಸಿತು, ಲಾರಿಯ ಡ್ರೈವರುಗಳಿಗೂ ಕೇಳಿಸಿತು.

ಅವ್ವ ಹಿಡಿಕೆಯ ಮೇಲಿನ ಕೈ ತೆಗೆಯದೆ ಸಾವಕಾರನ ಕಡೆ ತಿರುಗಿದಳು.

"ಈಗ ಕೇಳ್ರಿ" ಅಂದಳು.